ಜೇಬಿನಲ್ಲಿ ಟೇಪು, ಪರದೆಯಲ್ಲಿ ರಸ್ತೆ

ಮುದ್ದಯ್ಯನವರ ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಅಳತೆಯ ಸ್ಟೀಲ್ ಟೇಪು ಇರುತ್ತಿತ್ತು. ಅದರ ಭಾರಕ್ಕೆ ಅವರ ಎಲ್ಲ ಅಂಗಿಗಳೂ ಎಡಗಡೆಗೆ ಸ್ವಲ್ಪ ಜೋತುಬಿದ್ದಿದ್ದವು. ಅರವತ್ತು ದಾಟಿದ, ಸಣಕಲು ಮೈಯ ಒಬ್ಬರು ರಾಜಾಜಿನಗರದ ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಫುಟ್‌ಪಾತಿನ ಎತ್ತರ ಅಳೆದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರೆ ಅದು ಅವರೇ ಎಂದು ತಿಳಿಯಬಹುದಿತ್ತು.

ನಾನು ಅವರನ್ನು ಮೊದಲು ನೋಡಿದ್ದೂ ಹಾಗೆಯೇ. ದರ್ಶಿನಿಯೊಂದರ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದೆ. ಅವರು ಹೋಟೆಲಿನ ಮೆಟ್ಟಿಲಿಗೆ ಟೇಪು ಹಿಡಿದಿದ್ದರು. ಕ್ಯಾಷಿನಲ್ಲಿದ್ದ ಮಾಲೀಕರು ಎದ್ದು ಹೊರಗೆ ಬಂದರು.

"ಸಾರ್, ನಮ್ ಕಡೆ ಎಷ್ಟಡಿ ಹೋಗತ್ತೆ?"

"ಹೋಗೋದಾ? ಎಲ್ಲಿಗೆ?"

"ರೋಡ್ ಅಗಲ ಮಾಡಕ್ಕೆ ತಾನೇ ಅಳೀತಿರೋದು? ಬರೀ ಮೆಟ್ಲು ಹೋಗತ್ತಾ, ಶಟರ್‌ವರೆಗೂ ಬರತ್ತಾ, ಈಗ್ಲೇ ಹೇಳ್ಬಿಡಿ."

"ನಿಮ್ದೇನೂ ಹೋಗಲ್ಲ ಕಣ್ರೀ. ಇದು ಕಂಪ್ಯೂಟರ್ ಆಟಕ್ಕೆ."

ಮಾಲೀಕರು ನಂಬಲಿಲ್ಲ. ಒಳಗೆ ಹೋಗಿ ಒಂದು ಸ್ಟ್ರಾಂಗ್ ಕಾಫಿ ಕಳಿಸಿಕೊಟ್ಟರು. ಮುದ್ದಯ್ಯ ಅದನ್ನು ಸಾವಕಾಶವಾಗಿ ಕುಡಿದು, ಶಟರಿನ ಅಗಲವನ್ನೂ ಅಳೆದುಕೊಂಡು ಹೊರಟರು. ಆಗ ನಾನು ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದೆ. ವಾರದ ಪುರವಣಿಗೆ ಆಗೀಗ ಬರೆಯುತ್ತಿದ್ದೆ. ಹಿಂದೆಯೇ ಹೋಗಿ, ಯಾವ ಆಟ ಎಂದು ಕೇಳಿದೆ. ಮನೆಗೆ ಬನ್ನಿ, ತೋರಿಸುತ್ತೇನೆ ಎಂದರು. ಅವತ್ತಿನಿಂದ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ; ಅವರಿಗೆ ನಾನು 'ಪೇಪರ್‌ನೋರು'.

ಮನೆಯೆಂದರೆ ಮೂರನೇ ಮಹಡಿಯ ಒಂದು ಕೋಣೆ ಮತ್ತು ತಾರಸಿ. ಮುದ್ದಯ್ಯ ಮದುವೆಯಾಗಿರಲಿಲ್ಲ. ಚಂದ್ರಾ ಲೇಔಟಿನಲ್ಲಿದ್ದ ತಂಗಿ ಜಯಮ್ಮ ವಾರಕ್ಕೊಮ್ಮೆ ಬಂದು ಹುಳಿಪುಡಿ, ಉಪ್ಪಿನಕಾಯಿ ಇಟ್ಟು ಹೋಗುತ್ತಿದ್ದರು. ಕೋಣೆಯಲ್ಲಿ ಎರಡು ಕಂಪ್ಯೂಟರ್ ಇದ್ದವು, ಕುರ್ಚಿ ಒಂದೇ. ನನ್ನನ್ನು ಅದರಲ್ಲಿ ಕೂರಿಸಿ ತಾವು ಮಂಚದ ಅಂಚಿನಲ್ಲಿ ಕೂತರು.

ಅವರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದು ಅವರ ಕೆಲಸ. ಅಲ್ಲಿ ಡ್ರಾಯಿಂಗ್ ಬೋರ್ಡು ಹೋಗಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಕಂಪ್ಯೂಟರ್ ಬಂದಾಗ ಮೊದಲು ಕಲಿತವರು ಇವರು. ಕಾರ್ಖಾನೆ ಮುಚ್ಚಿದ ಮೇಲೆ, ಅದೇ ಜಾತಿಯ ಲಿನಕ್ಸನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಂಡರು. ಬಣ್ಣದ ಕೆಲಸಕ್ಕೆ ಜಿಂಪ್, ಆಕಾರ ಕಟ್ಟುವುದಕ್ಕೆ ಬ್ಲೆಂಡರ್. ಎರಡೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ತಂತ್ರಾಂಶಗಳು. ಪುಕ್ಕಟೆ ಸಿಗುತ್ತದೆಂದು ಇವನ್ನು ಹಿಡಿದಿರಾ ಎಂದು ಕೇಳಿದ್ದಕ್ಕೆ ಅವರಿಗೆ ಸ್ವಲ್ಪ ಬೇಸರವಾಯಿತು.

"ಪುಕ್ಕಟೆ ಅನ್ನೋದಲ್ಲ ವಿಷ್ಯ. ಒಳಗೆ ಹೇಗ್ ಬರ್ದಿದಾರೆ ಅಂತ ಬಿಚ್ಚಿ ನೋಡ್ಬಹುದು. ಬಿಚ್ಚಕ್ಕೆ ಬಿಡ್ದೇ ಇರೋ ಮಿಷನ್ನು, ನಮ್ ಮನೇಲಿದ್ರೂ ನಮ್ದಲ್ಲ."

ಹಾಗೆ ಬಿಚ್ಚಿ ನೋಡಬಹುದಾದ ಒಂದು ಕಾರ್ ರೇಸಿನ ಆಟ ಅವರಿಗೆ ಸಿಕ್ಕಿತ್ತು. ಅದಕ್ಕೆ ಯಾರು ಬೇಕಾದರೂ ಹೊಸ ರಸ್ತೆ ಕಟ್ಟಿ ಸೇರಿಸಬಹುದು. ಬೇರೆಯವರು ಹಿಮದ ಬೆಟ್ಟ, ಮರಳುಗಾಡು, ಚಂದ್ರನ ನೆಲ ಎಲ್ಲ ಮಾಡಿದ್ದರು. ಮುದ್ದಯ್ಯ ಎಸ್ಟೇಟ್ ಗೇಟಿನಿಂದ ತಮ್ಮ ಬ್ಲಾಕಿನ ಪಾರ್ಕಿನವರೆಗಿನ ರಸ್ತೆ ಮಾಡಿದ್ದರು. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿ ಬಂದ ದಾರಿ. ಪರದೆಯ ಮೇಲೆ ಅದನ್ನು ನೋಡಿ ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಟ್ರಾನ್ಸ್‌ಫಾರ್ಮರಿನ ಬೇಲಿಗೆ ಸಿಕ್ಕಿಕೊಂಡ ಗಾಳಿಪಟ, ಅರ್ಧ ಮುಚ್ಚಿದ ಚರಂಡಿ ಕಲ್ಲು, ಕಬ್ಬಿನ ಹಾಲಿನ ಗಾಡಿ, ದರ್ಶಿನಿಯ ಮೆಟ್ಟಿಲು. ಎಲ್ಲವೂ ಅಳತೆಗೆ ಸರಿಯಾಗಿ ಕೂತಿದ್ದವು.

ತೊಂದರೆ ಇದ್ದದ್ದೂ ಅಲ್ಲೇ. ರೇಸಿನ ಆಟದಲ್ಲಿ ರಸ್ತೆಯನ್ನು ಬೇಕೆಂದೇ ಅಗಲವಾಗಿ ಮಾಡುತ್ತಾರೆ, ಇಲ್ಲದಿದ್ದರೆ ಕಾರುಗಳು ಒಂದನ್ನೊಂದು ದಾಟಲಾರವು. ಮುದ್ದಯ್ಯನವರ ರಸ್ತೆಯಲ್ಲಿ ಒಂದು ಕಾರಿಗೆ ಮಾತ್ರ ಸಲೀಸು. ಆಟದ ಉಸ್ತುವಾರಿ ನೋಡುವ ಯಾರೋ ಹೊರದೇಶದವರು ಅದನ್ನು ಬಹಳ ಮೆಚ್ಚಿ ಪತ್ರ ಬರೆದಿದ್ದರು. ರಸ್ತೆಯ ಅಗಲ ಎರಡರಷ್ಟು ಮಾಡಿದರೆ ಎಲ್ಲರೂ ಆಡುವ ಪಟ್ಟಿಗೆ ಸೇರಿಸುತ್ತೇವೆ ಎಂದಿದ್ದರು. ಮುದ್ದಯ್ಯ ಉತ್ತರವಾಗಿ ಅಳತೆಯ ಚೀಟಿಗಳ ಫೋಟೋ ಕಳಿಸಿದ್ದರು. ಅಲ್ಲಿಗೆ ಪತ್ರವ್ಯವಹಾರ ನಿಂತಿತ್ತು.

"ಒಂದ್ ದಾರದಷ್ಟು ಅಳತೆ ತಪ್ಪಿದ್ರೆ ಪೀಸು ಸ್ಕ್ರ್ಯಾಪಿಗೆ ಹೋಗೋದು ಸಾರ್ ನಮ್ಮಲ್ಲಿ. ಇವ್ರು ಇಡೀ ರೋಡನ್ನೇ ಸುಳ್ಳು ಮಾಡು ಅಂತಾರೆ."

ಪಟ್ಟಿಗೆ ಸೇರದ ರಸ್ತೆಯನ್ನು ಜೊತೆಗಾರರೊಂದಿಗೆ ಆಡಲು ಒಂದು ದಾರಿ ಇತ್ತು. ನಮ್ಮ ಕಂಪ್ಯೂಟರನ್ನೇ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ, ವಿಳಾಸ ಗೊತ್ತಿರುವವರು ಎಲ್ಲಿಂದಲಾದರೂ ಬಂದು ಸೇರಿಕೊಳ್ಳಬಹುದು. ಮುದ್ದಯ್ಯ ಎರಡನೇ ಕಂಪ್ಯೂಟರನ್ನು ಅದಕ್ಕೇ ಇಟ್ಟಿದ್ದರು. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಅದನ್ನು ತೆರೆಯುತ್ತಿದ್ದರು. ಪರದೆಯ ಮೂಲೆಯಲ್ಲಿ ಆಟಗಾರರ ಪಟ್ಟಿ ಇರುತ್ತಿತ್ತು. ಅದರಲ್ಲಿ ಅವರ ಹೆಸರೊಂದೇ. ಆರು ಗಂಟೆಗೆ ಮುಚ್ಚುತ್ತಿದ್ದರು.

ಅವತ್ತು ನನ್ನನ್ನು ಒಂದು ಕಂಪ್ಯೂಟರಿನಲ್ಲಿ ಕೂರಿಸಿ, ತಾವು ಇನ್ನೊಂದರ ಮುಂದೆ ನಿಂತುಕೊಂಡು ಆಡಿದರು. ನಾನು ಎರಡನೇ ತಿರುವಿನಲ್ಲೇ ಕಬ್ಬಿನ ಹಾಲಿನ ಗಾಡಿಗೆ ಗುದ್ದಿದೆ. ಅವರು ಹಂಪು ಬಂದಲ್ಲೆಲ್ಲ ನಿಧಾನ ಮಾಡುತ್ತಿದ್ದರು. ನಾನು ಹಿಂದಿನಿಂದ ಬಂದು ಅವರ ಕಾರಿಗೆ ಅಂಟಿಕೊಂಡಾಗ, "ಅರ್ಜೆಂಟಿದ್ರೆ ಹೋಗಿ ಪೇಪರ್‌ನೋರೇ, ಸೈಡ್ ಕೊಡ್ತೀನಿ" ಎಂದು ಎಡಕ್ಕೆ ಸರಿದು, ಗಾಡಿಯ ಪಕ್ಕ ನಿಂತರು. ರೇಸಿನಲ್ಲಿ ಸೈಡ್ ಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡು ತಾಸು ಆಡಿದೆವು. ಹೊರಡುವಾಗ, ಬರೆಯುವುದಾದರೆ ಭಾನುವಾರದ ವಿಷಯ ಹಾಕುತ್ತೀರಾ ಎಂದು ಕೇಳಿದರು. ಆಟದ ಹೆಸರು, ಸೇರುವ ವಿಳಾಸ, ಸಮಯ ಮೂರನ್ನೂ ಚೀಟಿಯಲ್ಲಿ ದುಂಡಗೆ ಬರೆದುಕೊಟ್ಟರು. ತಮ್ಮ ಬಗ್ಗೆ ಏನು ಬರೆಯುತ್ತೀರಿ ಎಂದು ಕೇಳಲಿಲ್ಲ. ಲೇಖನ ಬರುವ ಭಾನುವಾರ ನಾನೂ ಸೇರುತ್ತೇನೆ ಎಂದು ಹೇಳಿ ಬಂದೆ.

ಬರೆದೆ. ಮೂರೂ ವಿವರಗಳನ್ನು ಕೊನೆಯ ಪ್ಯಾರಾದಲ್ಲಿ ಹಾಕಿದೆ. ಪುಟ ಕಟ್ಟುವ ಹೊತ್ತಿಗೆ ಜಾಹೀರಾತೊಂದು ಬಂತು. ಆರು ಸಾಲು ತೆಗೆಯಬೇಕಾಯಿತು. ಸುದ್ದಿಮನೆಯಲ್ಲಿ ಮುಖ್ಯವಾದದ್ದನ್ನು ಮೇಲೆ ಬರೆದು ಕೆಳಗಿನಿಂದ ಕತ್ತರಿಸುವುದು ಪದ್ಧತಿ. ಆ ಕೊನೆಯ ಪ್ಯಾರಾವನ್ನು ನಾನೇ ಕತ್ತರಿಸಿದೆ. ಹೋಟೆಲ್ ಮಾಲೀಕರ ಪ್ರಸಂಗಕ್ಕೆ ಎಂಟು ಸಾಲು ಇತ್ತು. ಓದುಗರು ನಗುತ್ತಾರೆಂದು ಅದನ್ನು ಉಳಿಸಿಕೊಂಡೆ.

ಲೇಖನ ಭಾನುವಾರ ಬೆಳಿಗ್ಗೆ ಬಂತು. ಚೆನ್ನಾಗಿದೆ ಎಂದು ಕಚೇರಿಗೆ ಕೆಲವರು ಫೋನ್ ಮಾಡಿದರು. ಅವತ್ತು ಒಬ್ಬರು ರಜೆ ಹಾಕಿದ್ದರಿಂದ ಸಂಜೆಯ ಪಾಳಿ ನನಗೆ ಬಿತ್ತು. ನಾಲ್ಕು ಗಂಟೆಗೆ ನಾನು ಮಂಗಳವಾರದ ನೀರು ಪೂರೈಕೆ ವ್ಯತ್ಯಯದ ಸುದ್ದಿ ತಿದ್ದುತ್ತಿದ್ದೆ.

ಅದಾಗಿ ಕೆಲವು ತಿಂಗಳ ಮೇಲೆ ಅವರು ರಾಜಾಜಿನಗರದ ಮೆಟ್ರೋ ಸ್ಟೇಷನ್ನಿನಲ್ಲಿ ಸಿಕ್ಕರು. ನಡುವೆ ನಾನು ಹೋಗಿರಲಿಲ್ಲ. ಹೋದರೆ ಹೇಳಬೇಕಾದ ಮಾತೊಂದಿತ್ತು, ಅದು ಕಾರಣ. ಅವರು ಮೊದಲಿಗಿಂತ ಸೊರಗಿದ್ದರು. ಜೇಬಿನಲ್ಲಿ ಟೇಪು ಇರಲಿಲ್ಲ. ಅಂಗಿ ಮಾತ್ರ ಹಾಗೆಯೇ ಎಡಕ್ಕೆ ಜೋತುಬಿದ್ದಿತ್ತು. ಹೋಟೆಲಿನವರು ಈಗ ಎದುರು ಸಿಕ್ಕರೆ ನಗುತ್ತಾರೆ ಎಂದರು. ನಾನು ಏನೋ ಹೇಳಲು ಶುರು ಮಾಡಿದೆ. ಅವರೇ ತಡೆದರು.

"ಜಾಗ ಸಾಲ್ಲಿಲ್ಲ ಅಲ್ವಾ?"

"ಹೌದು ಸಾರ್."

"ನಂಗೊತ್ತಾಯ್ತು ಬಿಡಿ. ನಾನೂ ನನ್ ರೋಡಲ್ಲಿ ಯಾರಿಗೂ ಜಾಗ ಬಿಟ್ಟಿರ್ಲಿಲ್ವಲ್ಲ."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು; ಕಚೇರಿಯಲ್ಲಿ ಯಾರೋ ಕಾಯುತ್ತಿದ್ದರು. ಭಾನುವಾರ ಬರುತ್ತೇನೆ ಎಂದೆ. ಯಾವ ಭಾನುವಾರ ಎಂದು ಹೇಳಲಿಲ್ಲ. ಅವರು ತಲೆ ಆಡಿಸಿದರು. ಮೆಟ್ಟಿಲಿಳಿಯುವಾಗ ಕೈಕಂಬಿಯನ್ನು ಗೇಣಿನಿಂದ ಅಳೆಯುತ್ತ ಇಳಿದುಹೋದರು.

ಜಯಮ್ಮ ಆ ಲೇಖನದ ಪುಟ ಹಿಡಿದು, ನನ್ನನ್ನು ಹುಡುಕಿಕೊಂಡು ಪತ್ರಿಕೆಯ ಕಚೇರಿಗೇ ಬಂದರು. ಆಗ ಅಣ್ಣ ತೀರಿಕೊಂಡು ಒಂದು ತಿಂಗಳಾಗಿತ್ತು. ಆಟೋದಲ್ಲಿ ಆ ಎರಡನೇ ಕಂಪ್ಯೂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದರು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ದುಂಡನೆಯ ಅಕ್ಷರದಲ್ಲಿ 'ಪೇಪರ್‌ನವರಿಗೆ' ಎಂದಿತ್ತು.

"ನಿಮ್ ಹೆಸರೂ ಹೇಳಿರ್ಲಿಲ್ಲಪ್ಪಾ ಅವ್ನು. ಕೊನೇವರ್ಗೂ ಭಾನುವಾರ ನಾಲ್ಕು ಗಂಟೆಗೆ ಕಾಫಿ ಕೊಟ್ರೂ ಮುಟ್ತಿರ್ಲಿಲ್ಲ. ಯಾರೋ ಬರ್ತಾರೆ ಅನ್ನೋನು. ಯಾರು ಅಂತ ನಾನೂ ಕೇಳ್ಲಿಲ್ಲ."

ಬಸವೇಶ್ವರನಗರದ ನನ್ನ ಮನೆಗೆ ಅದನ್ನು ತಂದು ಜೋಡಿಸಿದೆ. ಒಳಗೆ ಆ ರಸ್ತೆ ಎರಡು ಪ್ರತಿಗಳಲ್ಲಿತ್ತು. ಮೊದಲನೆಯದು ನಾನು ಆಡಿದ್ದು. ಎರಡನೆಯದರಲ್ಲಿ ರಸ್ತೆ ಎರಡರಷ್ಟು ಅಗಲವಾಗಿತ್ತು. ಅದಕ್ಕಾಗಿ ಎರಡೂ ಬದಿಯ ಕಾಂಪೌಂಡುಗಳನ್ನು, ಮರಗಳನ್ನು, ದರ್ಶಿನಿಯ ಮೆಟ್ಟಿಲನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದ್ದರು. ರೇಸು ಶುರುವಾಗುವ ಎಸ್ಟೇಟ್ ಗೇಟಿನ ಬಳಿ ಮೊದಲಿಲ್ಲದ ಒಂದು ಪುಟ್ಟ ಬೋರ್ಡು ಇತ್ತು. ಕಾರು ಹತ್ತಿರ ಒಯ್ದು ಓದಿದೆ. ನಕ್ಷೆಯ ಬಲಮೂಲೆಯಲ್ಲಿ ಡ್ರಾಫ್ಟ್ಸ್‌ಮನ್‌ಗಳು ಬರೆಯುವ ರೀತಿಯಲ್ಲಿ ಬರೆದಿದ್ದರು: 'ಅಳತೆ ನಿಜವಲ್ಲ. ಬರೆದವರು: ಮುದ್ದಯ್ಯ. ಪರಿಶೀಲಿಸಿದವರು:' ಆಮೇಲೆ ಖಾಲಿ.

ಭಾನುವಾರ ನಾಲ್ಕಕ್ಕೆ ಅಗಲವಾದ ರಸ್ತೆಯನ್ನೇ ತೆರೆದೆ. ಮೂಲೆಯ ಪಟ್ಟಿಯಲ್ಲಿ ನನ್ನ ಹೆಸರೊಂದೇ ಇತ್ತು. ಹಂಪುಗಳನ್ನು ಅವರು ತೆಗೆದಿರಲಿಲ್ಲ; ನಿಧಾನ ಮಾಡಿದೆ. ಎರಡನೇ ತಿರುವಿನಲ್ಲಿ ಕಬ್ಬಿನ ಹಾಲಿನ ಗಾಡಿ ಬಂತು. ಈಗ ಅಲ್ಲಿ ಎರಡು ಕಾರು ಧಾರಾಳವಾಗಿ ಹೋಗುವಷ್ಟು ಜಾಗವಿದೆ. ಆದರೂ ಎಡಕ್ಕೆ ಸರಿದು, ಸೈಡ್ ಕೊಟ್ಟು, ಆರು ಗಂಟೆಯವರೆಗೆ ನಿಂತಿದ್ದೆ.