ಕುಸುಮಿಯ ಉಪವಾಸ, ನನ್ನ ಸಂಶಯ

ಹದಿನೇಳರ ಹುಡುಗಿಯೊಬ್ಬಳು ಊಟ ಬಿಟ್ಟಳು. ಮನೆಯವರು ಏನು ಮಾಡಿದರು ಗೊತ್ತೇ? ಹೊಗಳಿದರು.

ಕಟ್ಟುಕಥೆಯಲ್ಲ. ಮಾಳಮಡ್ಡಿಯ ನನ್ನ ತವರುಮನೆಯಲ್ಲಿ ಮೊನ್ನೆ ಮೊನ್ನೆ ನಡೆದದ್ದು. ಹುಡುಗಿ ನನ್ನ ಅಣ್ಣನ ಮಗಳು, ಕುಸುಮ. (ಹೆಸರು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಉಂಟು. ಅಣ್ಣನದು ಕೇಳಿಲ್ಲ.)

ನಾನಿರುವುದು ಹುಬ್ಬಳ್ಳಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ. ತವರು ಹತ್ತಿರ, ಪಾಸೂ ಉಂಟು. ಹೀಗಾಗಿ ಆಗಾಗ ಟ್ರೇನು ಹತ್ತುತ್ತೇನೆ. ಈ ವರ್ಷ ಮಾತ್ರ ಯುಗಾದಿಯ ಮೇಲೆ ಹೋಗಿದ್ದು ಮಳೆಗಾಲ ಮುಗಿಯುತ್ತ ಬಂದಾಗಲೇ. ಕುಸುಮ ಗೋಡೆಯ ಮಾಡದೊಳಗಿನ ಡಬ್ಬಿ ತೆಗೆಯಲು ಕೈ ಎತ್ತಿದಳು. ಬಳೆಗಳೆಲ್ಲ ಜಾರಿ ಮೊಣಕೈ ದಾಟಿ ಹೋದವು. ಯುಗಾದಿಗೆ ಅದೇ ಕೈಗೆ ಬಳೆಗಾರ ಸಾಬೂನು ಹಚ್ಚಿ, ಒತ್ತಿ ಒತ್ತಿ ಬಳೆ ಏರಿಸಿದ್ದನ್ನು ಕಣ್ಣಾರೆ ಕಂಡಿದ್ದೆ.

ಜ್ವರ ಬಂದಿತ್ತೇ ಎಂದು ಅವಳ ತಾಯಿ, ನಮ್ಮ ವೈನಿಯನ್ನು ಕೇಳಿದೆ. ವೈನಿಯ ಮುಖ ಅರಳಿತು.

"ಜ್ವರ ಅಲ್ಲ, ಏನೂ ಅಲ್ಲ. ನಮ್ಮ ಕುಸುಮಿಗೆ ದೇವರ ಮ್ಯಾಲೆ ಭಕ್ತಿ ಬಂದದ."

ಸೋಮವಾರ ಶಿವನದು. ಗುರುವಾರ ಗುರುಗಳದು. ಶನಿವಾರ ಮಾರುತಿಯದು. ನಡುವೆ ಏಕಾದಶಿ, ಸಂಕಷ್ಟಿ. ಉಳಿದ ದಿನ ಒಂದೇ ಹೊತ್ತು, ಅದೂ ಹೆಸರಿಗೆ. ಓಣಿಯ ಹೆಂಗಸರು ತಮ್ಮ ಮಕ್ಕಳಿಗೆ ಇವಳನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರಂತೆ. ತಿಂಗಳು ತಿಂಗಳು ಹೊರಗಾಗುವುದು ಸಹ ನಿಂತಿತ್ತು. ಪೂಜೆಗೆ ಅಡಚಣೆ ಬರಬಾರದೆಂದು ದೇವರೇ ದಯ ತೋರಿದ್ದಾನೆ ಎಂದರು, ಮನೆಯ ಹಿರಿಯಳಾದ ನಮ್ಮ ಕಾಕು. (ಸಂಪಾದಕರು ಈ ವಾಕ್ಯಕ್ಕೆ ಕತ್ತರಿ ಹಾಕಬಾರದೆಂದು ವಿನಂತಿ. ಹೇಳಬೇಕಾದ ಮಾತೇ ಅದು.)

ನನಗೆ ಸಂಶಯ ಬಂತು. ಸಕ್ಕರೆ, ಅಕ್ಕಿ ಎಲ್ಲ ರೇಷನ್ನಿನಲ್ಲಿ ಅಳೆದು ಕೊಡುವ ಕಾಲ. ಉಣ್ಣದ ಮಗಳೆಂದರೆ ಯಾವ ಮನೆಗೆ ಭಾರ? ಆದರೆ ದೇವರು ಇಷ್ಟು ಅವಸರದಲ್ಲಿ ಯಾಕೆ ಬಂದ? ಬರುವ ಮೊದಲು ಯಾರು ಬಂದು ಹೋಗಿದ್ದರು?

ಗದಗಿನ ಕಡೆಯವರು ಬಂದು ಹೋಗಿದ್ದರು. ಬೇಸಿಗೆಯಲ್ಲಿ, ಹೆಣ್ಣು ನೋಡಲು. ಅವಲಕ್ಕಿ ತಿಂದರು, ಚಹಾ ಕುಡಿದರು, ಹಾಡು ಕೇಳಿದರು. ಆಮೇಲೆ ಮಧ್ಯಸ್ಥರ ಬಾಯಲ್ಲಿ ಹೇಳಿ ಕಳಿಸಿದರು: ಹುಡುಗಿ ಸುಶೀಲೆ, ಹಾಡೂ ಛಲೋ, ಆದರೆ ನಮ್ಮ ಹುಡುಗ ತೆಳ್ಳಗಿದ್ದಾನೆ, ಪಕ್ಕದಲ್ಲಿ ನಿಂತರೆ ಇವಳು ಅವನ ಅಕ್ಕನಂತೆ ಕಾಣುತ್ತಾಳೆ.

ಅಣ್ಣ ಸಿಟ್ಟಿನಲ್ಲಿ ಅವರನ್ನು ಬೈದ. ವೈನಿ ಅತ್ತಳು. ಕುಸುಮ ಮಾತ್ರ ನಕ್ಕಳಂತೆ. ಆ ನಗುವಿನ ಮೇಲೆಯೇ ನನ್ನ ಮೊದಲ ಗುಮಾನಿ.

ಯಾಕೆಂದರೆ ನಾನೂ ಹಾಗೆಯೇ ನಕ್ಕವಳು. ಅವಳ ವಯಸ್ಸಿನಲ್ಲಿ, ಸಾಲಿಯ ಗ್ರೂಪ್ ಫೋಟೋ ತೆಗೆಸುವಾಗ, ನನ್ನ ಸಲುವಾಗಿ ಕ್ಯಾಮೆರಾ ಹಿಂದೆ ಸರಿಸಬೇಕಾಯಿತು ಎಂದು ಗೆಳತಿಯೊಬ್ಬಳು ಚೇಷ್ಟೆ ಮಾಡಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅಂದಿನಿಂದ ಅನ್ನ ನನಗೆ ವೈರಿಯಾಯಿತು. ಹೊಟ್ಟೆ ಕೂಗುತ್ತಿತ್ತು, ನಾನು ಗೆಲ್ಲುತ್ತಿದ್ದೆ. ಮನೆಯವರು ಏನೇನು ಶಂಕಿಸಲಿಲ್ಲ? ಕ್ಷಯ ಎಂದರು. ದೃಷ್ಟಿ ಎಂದರು. ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ ಎಂದು ನನ್ನ ಪುಸ್ತಕಗಳನ್ನೆಲ್ಲ ಜಾಡಿಸಿ ನೋಡಿದರು. ಡಾಕ್ಟರರು ಟಾನಿಕ್ ಕೊಟ್ಟರು. ಬಚ್ಚಲ ಮೋರಿಗೆ ಅದರಿಂದ ಒಳ್ಳೆಯ ಪುಷ್ಟಿ ಬಂತು.

ನನ್ನನ್ನು ಎತ್ತಿದವರು ನನ್ನ ಗಂಡನ ತಾಯಿ. ಗಂಡಸರ ಊಟವಾದ ಮೇಲೆ ನಾವಿಬ್ಬರೇ ಕೂಡುತ್ತಿದ್ದೆವು. ಅವರು ನನ್ನ ತಾಟು ನೋಡುತ್ತಿರಲಿಲ್ಲ. ಉಣ್ಣು ಅನ್ನಲಿಲ್ಲ, ಬಿಡು ಅನ್ನಲಿಲ್ಲ. ತಮ್ಮ ಪಾಲಿನದನ್ನು ಸಾವಕಾಶ, ಸಂತೋಷದಿಂದ ಉಣ್ಣುತ್ತ ಹಳೆಯ ಸುದ್ದಿ ಹೇಳುತ್ತಿದ್ದರು. ಮೊದಮೊದಲು ಇದರಲ್ಲೂ ಏನೋ ಹೂಟ ಇದೆ ಎಂದುಕೊಂಡಿದ್ದೆ. ಇರಲಿಲ್ಲ. ನಾನು ಮತ್ತೆ ಮನುಷ್ಯಳಂತೆ ಉಣ್ಣಲು ವರ್ಷಗಳೇ ಹಿಡಿದವು. ಈಗ ಅವರಿಲ್ಲ.

ಅದಕ್ಕೇ ಕುಸುಮಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಬಂದೆ. ಹೊಲಿಗೆ ಮಶೀನು ಕಲಿಸುತ್ತೇನೆ ಎಂಬ ನೆವ ಹೇಳಿದೆ. ನನಗೆ ಮನೆಗೆಲಸಕ್ಕೆ ಜನ ಬೇಕಾಗಿದೆ ಎಂದು ವೈನಿ ಶಂಕಿಸಿದಳು. ಬಾಯಿಬಿಟ್ಟು ಹೇಳಲಿಲ್ಲ, ಟ್ರೇನಿಗೆ ಬುತ್ತಿ ಕಟ್ಟಿಕೊಡಲಿಲ್ಲ, ಅಷ್ಟೇ.

ಶುರುವಾಯಿತು ನೋಡಿ ನಮ್ಮಿಬ್ಬರ ಡಿಟೆಕ್ಟಿವ್ ಕೆಲಸ! ಅನ್ನದ ಕೆಳಗೆ ತುಪ್ಪ ಅಡಗಿಸಿದ್ದೇನೆಯೇ ಎಂದು ಅವಳು ಬೆರಳಿನಿಂದ ಕೆದರುವಳು. ಪಲ್ಯದ ಎಣ್ಣೆಯನ್ನು ತಾಟಿನ ಅಂಚಿಗೆ ಹಿಂಡುವಳು. ಅವಳು ಹಿತ್ತಲಿಗೆ ಹೋದರೆ ಕೈಯಲ್ಲಿ ರೊಟ್ಟಿ ಇದೆಯೇ ಎಂದು ನಾನು ಕಿಟಕಿಯಿಂದ ಇಣುಕುವೆ. ಅವಳು ನನ್ನನ್ನು ನಂಬಲಿಲ್ಲ, ನಾನು ಅವಳನ್ನು ನಂಬಲಿಲ್ಲ. ನನ್ನ ಯಜಮಾನರು ನಮ್ಮಿಬ್ಬರ ನಡುವೆ ಕುಳಿತು ಉಣ್ಣಲು ಹೆದರಿ, ಡಬ್ಬಿ ಕಟ್ಟಿಸಿಕೊಂಡು ಆಫೀಸಿಗೆ ಹೋಗತೊಡಗಿದರು.

ನಾನು ಅತ್ತೆಯವರಂತೆ ಇರಬೇಕೆಂದುಕೊಂಡಿದ್ದೆ. ಆದರೆ ನನ್ನ ಕಣ್ಣು ಅವಳ ತಾಟು ಬಿಟ್ಟು ಬರುತ್ತಲೇ ಇರಲಿಲ್ಲ. ಸಂಶಯ ಬಿಡುವುದು ಅಷ್ಟು ಸುಲಭವೇ?

ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ಓಡಿ ಹೋದರೆ ಕುಸುಮ ಒಲೆಯ ಮುಂದೆ ಎಚ್ಚರ ತಪ್ಪಿ ಬಿದ್ದಿದ್ದಳು. ಸೆರಗು ಬೆಂಕಿಯಿಂದ ಗೇಣು ದೂರ.

ಟಾಂಗಾದಲ್ಲಿ ಹಾಕಿಕೊಂಡು ಲೇಡಿ ಡಾಕ್ಟರರ ಹತ್ತಿರ ಹೋದೆ. ಅವರು ನಾಡಿ ಹಿಡಿದು ನೋಡಿದರು. ನನ್ನನ್ನು ಹೊರಗೆ ಕಳಿಸಿ ಅವಳೊಬ್ಬಳ ಜೊತೆ ಮಾತಾಡಿದರು. ಕ್ಷಯ ಇಲ್ಲ, ಇನ್ನಾವ ಜಡ್ಡೂ ಕಾಣುವುದಿಲ್ಲ, ಆದರೆ ಹೀಗೇ ನಡೆದರೆ ಎದೆ ಒಂದು ದಿನ ನಿಂತುಬಿಡುತ್ತದೆ ಎಂದು ಆಮೇಲೆ ನನಗೆ ಹೇಳಿದರು. ಮೆತ್ತಗಿನ ಅನ್ನ, ಹಾಲು, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಿರಿ, ತಪ್ಪದೆ ಕರೆತನ್ನಿರಿ, ಬೈಯಬೇಡಿರಿ, ಹಾಗೇ ಕಾವಲೂ ಕಾಯಬೇಡಿರಿ ಎಂದರು. ನಾನು ಕಿಟಕಿಯಿಂದ ಇಣುಕಿದ್ದನ್ನು ಹುಡುಗಿ ಹೇಳಿದ್ದಳೆಂದು ಕಾಣುತ್ತದೆ.

ವಾಪಸು ಬರುವಾಗ ಟಾಂಗಾದಲ್ಲಿ ಕುಸುಮ ತಾನಾಗಿ ಬಾಯಿ ಬಿಟ್ಟಳು.

"ಅತ್ಯಾ, ನನಗ ಹಸಿವಿ ಆಗೂದಿಲ್ಲ ಅಂತಲ್ಲ. ಬೆಳತನಕಾ ಅನ್ನದ್ದ ಕನಸು. ಆದ್ರ ಸಾಲಿ ಬಿಡಸಿದ್ದು ಅಪ್ಪ. ವರಾ ನೋಡವರೂ ಅಪ್ಪ. ಒಲ್ಲೆ ಅನ್ನವರೂ ಮಂದಿ. ಹಸಿವಿ ತಡಕೊಳ್ಳೋದೊಂದ ನಂದು. ಅದನ್ನೂ ನೀವು ಕಸಗೋತೀರಿ."

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ? ನಾನು ಅವಳ ಕೈ ಹಿಡಿದುಕೊಂಡು, ನನ್ನ ಫೋಟೋದ ಕಥೆಯನ್ನೂ ಮೋರಿಗೆ ಹೋದ ಟಾನಿಕ್ಕಿನ ಕಥೆಯನ್ನೂ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಇದೂ ನಾಟಕವೇ ಎಂಬ ಅನುಮಾನ! ಆದರೆ ಅವತ್ತು ಮಧ್ಯಾಹ್ನ ಮೊಸರನ್ನ ಕಲಸಿಕೊಂಡಳು. ನಾನು ನನ್ನ ತಾಟು ಹಾಕಿಕೊಂಡು ಪಕ್ಕದಲ್ಲಿ ಕುಳಿತೆ, ನನ್ನದನ್ನಷ್ಟೇ ನೋಡಿಕೊಂಡು ಉಂಡೆ.

ಹೀಗೆ ತುಸು ಸುಧಾರಿಸುತ್ತಿದ್ದಾಗ ಅಣ್ಣ ಪೇಢೆ ಹಿಡಿದುಕೊಂಡು ಬಂದ. ಗದಗಿನವರು ಒಪ್ಪಿದ್ದಾರೆ! ಕುಸುಮ ಹುಬ್ಬಳ್ಳಿಗೆ ಬರುವ ಮೊದಲು ಯಾರದೋ ಮುಂಜಿವೆಯಲ್ಲಿ ಅವಳನ್ನು ನೋಡಿದ್ದರಂತೆ. ಈಗ ಹುಡುಗಿ ಹೇಗೆ ಬೇಕೋ ಹಾಗೆ ಆಗಿದ್ದಾಳೆ, ಮೇಲಾಗಿ ವ್ರತ ನಿಯಮದವಳು, ಮತ್ತೊಮ್ಮೆ ಬಂದು ಮಾತು ಮುಗಿಸುತ್ತೇವೆ ಎಂದಿದ್ದಾರೆ.

ನಾನು ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದೆ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದ. ಮದುವೆಯತನಕ ಬದುಕಬೇಕಲ್ಲ ಎಂದೆ. ಅಣ್ಣ ನನ್ನನ್ನು ಓರೆಗಣ್ಣಿನಿಂದ ನೋಡಿದ.

"ನಿನಗ ಮಕ್ಕಳು ಮರಿ ಇಲ್ಲ. ಅದಕ್ಕ ನೀನು..."

ಮಾತು ಪೂರ್ತಿ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಒಳಗೆ ಮಶೀನಿನ ಸದ್ದು ನಿಂತಿತ್ತು. ಕುಸುಮ ಕೇಳಿಸಿಕೊಂಡಿದ್ದಳು.

ಗದಗಿನವರು ಬರುವ ದಿನ ಕುಸುಮಳ ಜೊತೆ ನಾನೂ ಮಾಳಮಡ್ಡಿಗೆ ಹೋದೆ. ಒಳ್ಳೆಯದಾಗುವುದನ್ನು ನೋಡಲಾಗದೆ ಸಂಬಂಧ ಮುರಿಯಲು ಬಂದಿದ್ದಾಳೆ ಎಂಬ ನೋಟ ವೈನಿಯದು. ಉಳಿಸಿಟ್ಟ ರೇಷನ್ ಸಕ್ಕರೆಯನ್ನೆಲ್ಲ ಸುರಿದು ಶಿರಾ ಮಾಡಿದ್ದಳು. ಎಲ್ಲರಿಗೂ ಪ್ಲೇಟು ಬಂತು. ಕುಸುಮಳ ಮುಂದೆ ಇಡುವಾಗ ಹುಡುಗನ ತಾಯಿ ನಗುತ್ತ ತಡೆದರು.

"ಅಕಿಗೆ ಆಗ್ರಹ ಮಾಡಬ್ಯಾಡ್ರಿ. ಹೀಂಗ ತೆಳ್ಳಗಿದ್ರನ ಛಂದ."

ವೈನಿ ಪ್ಲೇಟು ಎತ್ತಲು ಹೋದಳು. ಕುಸುಮ ಅದರ ಅಂಚು ಹಿಡಿದಳು. ಒಂದು ಚಮಚ ಬಾಯಿಗಿಟ್ಟು ನುಂಗಲು ಎಷ್ಟು ಹೊತ್ತು ತೆಗೆದುಕೊಂಡಳೋ! ಆಮೇಲೆ ಇನ್ನೊಂದು. ಎಲ್ಲರ ಕಣ್ಣೂ ಆ ಪ್ಲೇಟಿನ ಮೇಲೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಬಿಡಲಿಲ್ಲ.

"ಈಗ ನನಗ ಉಪವಾಸ ಇಲ್ರಿ," ಎಂದಳು ಮೆಲ್ಲಗೆ. "ಬ್ಯಾಸಗ್ಯಾಗ ನೀವು ನೋಡಿ ಹೋದ್ರಲ್ಲ, ಮತ್ತ ಹಾಂಗ ಆಗಾಕಿ ನಾನು. ಅದು ನಡೀತದೇನು, ಹೇಳಿಬಿಡ್ರಿ."

ಆ ತಾಯಿ ಮಗನ ಮುಖ ನೋಡಿದರು. ಮಗ ಚಾಪೆಯ ಎಳೆ ಕೀಳುತ್ತ ಕುಳಿತಿದ್ದ. ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ಇನ್ನೂ ತಿಳಿಸಿಲ್ಲ.

ಅವರು ಹೋದ ಮೇಲೆ ಅಣ್ಣ ಬೈಯುತ್ತಾನೆಂದು ಕಾದೆ. ಅವನು ಮಗಳ ಮೊಣಕೈಯನ್ನೇ ನೋಡುತ್ತ ನಿಂತಿದ್ದ. ಮೊದಲ ಸಲ ನೋಡಿದವನಂತೆ. ನಾಳೆ ಡಾಕ್ಟರರ ಹತ್ತಿರ ನಾನೂ ಬರುತ್ತೇನೆ ಎಂದಷ್ಟೇ ಹೇಳಿ ಹೊರಗೆ ಹೋದ.

ಎಲ್ಲ ಸರಿಹೋಯಿತು ಎಂದು ಬರೆದರೆ ನೀವು ನಂಬಬೇಡಿರಿ. ಕುಸುಮ ಈಗಲೂ ನನ್ನ ಹತ್ತಿರ ಇದ್ದಾಳೆ. ಕೆಲವು ದಿನ ತಾಟಿನ ಮುಂದೆ ಸುಮ್ಮನೆ ಅಳುತ್ತಾಳೆ. ಒಂದು ವಾರ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಆಮೇಲೆ ತಾನೇ ತಿರುಗಿಸಿ ಅದರ ಮುಂದೆ ಹೆರಳು ಹಾಕಿಕೊಂಡಳು. ಮೊನ್ನೆ ತನಗೊಂದು ಜಂಪರು ಹೊಲಿದುಕೊಂಡಳು. ಬಟ್ಟೆ ಕತ್ತರಿಸುವಾಗ, ಇನ್ನೂ ಮೈ ತುಂಬಬಹುದು, ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರುತ್ತೇನೆ ಎಂದಳು. ನಾನು ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಕಾಕು ಬಂದು ನೋಡಿ ಹೋದರು. ಹುಡುಗಿಗೆ ಹೊಳಪು ಬಂದಿದೆ, ಆದರೆ ಮೊದಲಿನ ಭಕ್ತಿ ಉಳಿದಿಲ್ಲ ಎಂದು ಓಣಿಯಲ್ಲಿ ಹೇಳಿಕೊಂಡು ಬರುತ್ತಿದ್ದಾರಂತೆ.

ಅದಿರಲಿ, ನಿಮ್ಮ ಮನೆಯಲ್ಲಿ ಇವತ್ತು ಯಾರ ಉಪವಾಸ? ಯಾಕೆ ಎಂದು ಕೇಳಿದಿರಾ?