ಒಂಟಿ ಸ್ತಂಭದ ಮುಂದೆ ಕೆನಾವಿ ಹಿಡಿದ ಬಿಳಿ ಬಟ್ಟೆ

ಪಡುವಣ ಬೆಟ್ಟಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಲಕ್ಸರ್ ದೇವಾಲಯದ ಬಾಗಿಲಲ್ಲಿ ಕೆನಾವಿ ಆಗಲೇ ಕಸ ಗುಡಿಸುತ್ತಿದ್ದಾರೆ. ಖರ್ಜೂರದ ಗರಿಯ ಆ ಪೊರಕೆ ಎದ್ದರೆ ಅದರ ದೂಳಿಗೆ ಗಡಿಯಾಚೆ ಸುಡಾನಿನವರು ಕೆಮ್ಮುತ್ತಾರೆ. ನಂಬದವರು ಹೋಗಿ ಕೇಳಿಕೊಂಡು ಬರಲಿ. ಮೂವತ್ತೆಂಟು ವರ್ಷ ಅವರು ಗುಡಿಸಿದ ಮರಳನ್ನು ಒಟ್ಟು ಹಾಕಿದ್ದರೆ ಇನ್ನೊಂದು ಪಿರಮಿಡ್ಡೇ ಎದ್ದು, ಹಳೆಯವು ನಾಚಿ ಕೂರುತ್ತಿದ್ದವು.

ಬಾಗಿಲ ಎಡಕ್ಕೆ ಮುಗಿಲು ಚುಚ್ಚುವ ಸ್ತಂಭ. ಬಲಕ್ಕೆ ಬರಿಯ ಪೀಠ. ಈ ಊರಿನ ಕಲ್ಲುಗಳ ಕುಲಗೋತ್ರ ನನ್ನಷ್ಟು ಬಲ್ಲವರು ಫರೋಹರಲ್ಲೂ ಇರಲಿಲ್ಲ, ಕೇಳಿ: ಇದರ ಜೋಡಿ ಸ್ತಂಭವನ್ನು ಇನ್ನೂರು ವರ್ಷದ ಹಿಂದೆ ಕೈರೋದಲ್ಲಿ ಆಳುತ್ತಿದ್ದ ಪಾಶಾ ಪರದೇಶದ ದೊರೆಗೆ ಕಾಣಿಕೆ ಕೊಟ್ಟ. ಅದು ಹಡಗು ಹತ್ತಿ ಪ್ಯಾರಿಸ್ ಸೇರಿತು. ಪ್ರವಾಸಿಗರು ನಿಂತಿರುವ ಸ್ತಂಭದ ಫೋಟೊ ತೆಗೆಯುತ್ತಾರೆ. ಕೆನಾವಿ ಬರಿಯ ಪೀಠವನ್ನು ದಿನಕ್ಕೆ ನಾಲ್ಕು ಸಲ ಗುಡಿಸುತ್ತಾರೆ.

"ಪಾಶಾ ಕೊಟ್ಟ, ಸರಿ. ಎಳೆದವರು ಯಾರು? ನಾವೇ," ಎನ್ನುತ್ತಾರೆ. "ನಮ್ಮಜ್ಜನ ಮುತ್ತಜ್ಜ ಹಗ್ಗ ಹಿಡಿದವ. ನದಿಗೆ ದಾರಿ ಬೇಕು ಅಂತ ಮನೆಗಳನ್ನ ಕೆಡವಿದ್ರು, ಅವನದ್ದೂ ಹೋಯ್ತು. ಅದರ ಮಣ್ಣಿನ ಮೇಲೇ ಕಲ್ಲು ಎಳೆದ. ಆಗಲೇ ಕಾಲರಾ ಬಂದಿತ್ತು. ಸಾಯೋವಾಗ 'ಜೋಡಿ ಅಗಲಿಸಿಬಿಟ್ಟೆ' ಅಂತಿದ್ನಂತೆ."

ಇಂದು ಕೆನಾವಿಯ ಕೆಲಸದ ಕೊನೆಯ ದಿನ. ಪೊರಕೆ ಒರಗಿಸಿ, ಚಪ್ಪಲಿ ಕಳಚಿ, ತನ್ನ ಹೆಣಕ್ಕೆಂದು ತೆಗೆದಿಟ್ಟ ಬಿಳಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಸಯೀದ್ ಎನ್ನುವ ನಮ್ಮ ಈ ತೆಂಕಣ ಸೀಮೆಯಲ್ಲಿ ತಪ್ಪು ಮಾಡಿದ ಮನೆಯವ ಹೀಗೆ ಬರಿಗಾಲಲ್ಲಿ ಬಂದರೆ, ನೊಂದವರು ಬಟ್ಟೆ ತೆಗೆದುಕೊಂಡು ಕ್ಷಮಿಸಬೇಕು, ಇಲ್ಲವೇ ಕೊಲ್ಲಬೇಕು.

ಟಿಕೆಟ್ ಹರಿಯುವ ಬದ್ರಿ ನಗುತ್ತಾನೆ. "ಏನ್ ಕಾಕಾ, ಕಲ್ಲಿನ ಹತ್ರ ಕ್ಷಮೆ ಕೇಳ್ತೀಯಾ? ಕಾಕಿ ಹತ್ರ ಒಂದಿನ ಕೇಳಿದ್ದುಂಟಾ?"

"ಅವಳು ಬೈದು ಮುಗಿಸ್ತಾಳಲ್ಲೋ ಕತ್ತೆ. ಇವನು ಇನ್ನೂರು ವರ್ಷದಿಂದ ಒಂದು ಮಾತು ಬೈದಿಲ್ಲ. ಅದೇ ತಡ್ಕೊಳ್ಳೋಕೆ ಆಗ್ತಿಲ್ಲ."

ಸ್ತಂಭದ ಮುಂದೆ ಕೈಚಾಚಿ ನಿಲ್ಲುತ್ತಾರೆ. ಬಿಸಿಲೇರುತ್ತದೆ. ಮೊದಲ ಬಸ್ಸು ಬರುತ್ತದೆ. ಚಾಚಿದ ಕೈ ಇಳಿಸುವುದಿಲ್ಲ. ಬದ್ರಿಯ ನಗು ಎತ್ತಲೋ ಹೋಗಿದೆ. "ಕೊಡು ಕಾಕಾ, ಅದರ ಪರವಾಗಿ ನಾನು ತಗೋತೀನಿ."

"ನೀನು ಹೆಂಗೆ ತಗೋತೀಯೋ ಮಗನೇ? ಈ ಊರಲ್ಲಿ ಆ ಹಗ್ಗ ಹಿಡಿಯದ ಮನೆ ಯಾವುದಿದೆ?"

ಬದ್ರಿ ಕೈ ಹಿಂದೆಗೆಯುತ್ತಾನೆ. ಕೆನಾವಿ ಬಟ್ಟೆ ಮಡಚಿ ಎದೆಗೊತ್ತಿಕೊಳ್ಳುತ್ತಾರೆ.

"ಇರಲಿ, ಇದನ್ನೇ ಹೊದ್ದು ಹೋಗ್ತೀನಿ. ಕ್ಷಮೆ ಸಿಗಲಿಲ್ಲ ಅಂತ ಅಲ್ಲಿ ಮುತ್ತಜ್ಜನಿಗೆ ಹೇಳ್ತೀನಿ. ಕೇಳಿದೆ ಅಂತಲೂ ಹೇಳ್ತೀನಿ."