ಚಲಪತಿಯ ನೀಲಿ ಗೆರೆ

ಹೊಸೂರಿನ ಕಾರ್ಖಾನೆಯೊಂದರಲ್ಲಿ ಯಂತ್ರ ತಣಿಸುವ ಎಣ್ಣೆನೀರಿನ ಹದ ನೋಡುವುದು ಬಾಗಲೂರಿನ ಚಲಪತಿಯ ಕೆಲಸ. ಪುಟ್ಟ ದುರ್ಬೀನಿನಂಥ ಮೀಟರಿನ ಗಾಜಿಗೆ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು ಕಣ್ಣಿಡುತ್ತಾನೆ. ನೀರಿನಲ್ಲಿ ಎಣ್ಣೆಯೋ ಸಕ್ಕರೆಯೋ ಹೆಚ್ಚು ಬೆರೆತಷ್ಟೂ ಬೆಳಕು ಬಾಗುವ ರೀತಿ ಬದಲಾಗಿ, ಒಳಗಿನ ಅಳತೆಪಟ್ಟಿಯಲ್ಲಿ ನೀಲಿ ಗೆರೆ ಸೊನ್ನೆಯಿಂದ ಮೇಲೇರುತ್ತದೆ.

ಮೀಟರು ಮನೆಗೂ ಬಂದಮೇಲೆ ಅವನ ಹಾವಳಿ ಹೇಳತೀರದು. ಸಾರು, ಎಳನೀರು ಯಾವುದನ್ನೂ ಬಿಡಲಿಲ್ಲ. ಭಾನುವಾರ ತಾಯಿ ಲಕ್ಷ್ಮಿದೇವಮ್ಮ ಮಾಡಿದ ಪಾನಕಕ್ಕೂ ಕಣ್ಣಿಟ್ಟು, "ಸಿಹಿ ಜಾಸ್ತಿ ಕಣಮ್ಮ, ಗೆರೆನೇ ಹೇಳ್ತೈತೆ" ಎಂದ.

ಆಕೆ ಸಿಟ್ಟಿನಿಂದ ಗಾಜು ಒರೆಸಿ, ಬರೀ ನೀರಿನ ಹನಿ ಬಿಟ್ಟಳು. "ಇದಕ್ಕೇನಂತೈತೆ, ನೋಡ್ಲಾ!"

ನೋಡಿದ. ಗೆರೆ ಸೊನ್ನೆಗಿಂತ ಮೇಲೇ ನಿಂತಿತ್ತು. ಅಳೆಯುವ ಮೊದಲು ಬರೀ ನೀರಿನ ಹನಿ ಹಾಕಿ, ತಿರುಪು ತಿರುಗಿಸಿ ಗೆರೆಯನ್ನು ಸೊನ್ನೆಗೆ ತರುವುದನ್ನೇ ಮರೆತಿದ್ದ!

"ನೀರೂ... ಸಿಹಿ ಅಂತೈತಮ್ಮ."

"ಹಂಗಾದ್ರೆ ನಾಳೆಯಿಂದ ನಿನ್ ಪಾನಕ ಬೋರ್‌ವೆಲ್ಲಲ್ಲೇ ಕುಡ್ಕೋ ಹೋಗ್ಲಾ!"